ನಾಲಿಗೆಯ ಮೇಲಿನ ನೀಲಿ

ಇವತ್ತು ಯಾವ ದಂಡು ಎಂದು ನಾನು ಕೇಳುವುದಿಲ್ಲ.
ನಾಲಿಗೆ ತೋರಿಸು, ಅನ್ನುತ್ತೇನೆ.
ಕಡುನೀಲಿಯಿದ್ದರೆ ಪ್ರಷ್ಯಾ,
ಹಸಿರಾದರೆ ರಷ್ಯಾ.
ಕುಂಚವನ್ನು ತುಟಿಯಲ್ಲಿಟ್ಟು ಮೊನೆ ಮಾಡಬೇಡ ಎಂದು
ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು,
ಆಲ್ವಿನ್‌ನದು ಬಣ್ಣ ಬದಲಿಸುತ್ತಲೇ ಇದೆ.

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ನಲವತ್ತೊಂದು ವರ್ಷ
ಮಂಜುಗಡ್ಡೆಯೊಳಗೆ ಕೈಯಿಟ್ಟು
ಕಾಡ್ ಮೀನಿನ ಬೆನ್ನುಮೂಳೆ ಬಿಡಿಸಿದವನು.
ಈಗ ಹೆಬ್ಬೆರಳಿನ ಮೇಲ್ಗಿಣ್ಣಿನಷ್ಟು ಎತ್ತರದ ಗಂಡಸರಿಗೆ
ಗುಂಡಿ ಹಚ್ಚುತ್ತಾನೆ,
ಅಂಗಿಗೆ ಹನ್ನೆರಡು.
ಸಾಸಿವೆಯೂ ದೊಡ್ಡದು ಆ ಗುಂಡಿಯ ಮುಂದೆ.
ತನ್ನ ಕೋಟಿನ ಗುಂಡಿ ಬಿದ್ದು ಎರಡು ಚಳಿಗಾಲವಾಯಿತು.

ಕೇಕಿನಡಿ ಹಾಸುವ ನನ್ನ ಬೆಣ್ಣೆಕಾಗದ
ತಿಂಡಿಡಬ್ಬಿಯಲ್ಲಿ ಒದ್ದೆ ಸ್ಪಂಜಿನ ಮೇಲೆ ಮಲಗಿ
ಅವನ ಬಣ್ಣ ಒಣಗದಂತೆ ಕಾಯುತ್ತದೆ.
ಕ್ಲೀಥಾರ್ಪ್ಸ್ ದಡದ ಮರಳು
ನನ್ನ ಒಲೆಯಲ್ಲಿ ಹದವಾಗಿ ಬೇಯುತ್ತದೆ.
ಅವರ ಕಾಲಡಿಗೆ ನೆಲ ಬೇಕಲ್ಲ, ಅನ್ನುತ್ತಾನೆ.
ಭಾನುವಾರದ ಕೇಕು ಹಲ್ಲಿಗೆ ಕರಕರ ಅಂದರೆ
ಅದು ಯಾವುದೋ ಯುದ್ಧಭೂಮಿ.

ಹಿತ್ತಿಲಲ್ಲಿ, ಕಸದ ಡಬ್ಬಿಯ ಪಕ್ಕ,
ರಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ ಕಪ್ಪು ಊದುತ್ತಾನೆ;
ಹಂಬರ್ ಗಾಳಿ ಅರ್ಧ ಕಪ್ಪನ್ನು
ಪಕ್ಕದ ಮನೆಯ ಒಗೆದ ಹಾಸಿಗೆವಸ್ತ್ರಕ್ಕೆ ಕೊಡುತ್ತದೆ.
ಉಳಿದ ಕಪ್ಪಿನೊಳಗಿಂದ, ವಾರಗಟ್ಟಲೆ,
ಒಬ್ಬೊಬ್ಬನೇ ಹೊರಬರುತ್ತಾನೆ.
ತೆಳು ಕಂದುನೀರು ಮಡಿಕೆಗಳಲ್ಲಿ ಇಳಿದು ನಿಂತಾಗ
ಸೀಸ ಬಟ್ಟೆಯಾಗುತ್ತದೆ. ಅಷ್ಟನ್ನು ಮಾತ್ರ
ನಾನೂ ನಿಂತು ನೋಡಿದ್ದೇನೆ.

ನವೆಂಬರಿನಲ್ಲಿ ಅವನ ಬಲಗೈ ನಡುಗತೊಡಗಿತು.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಟೀ ಕಪ್ಪು ಸಾಸರಿಗೆ ತಾಗಿ ತಾಗಿ ಹೇಳಿತು.

ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ
ಬಾಟಲಿ ಬಿರಡೆಗಳನ್ನೇರಿ ನಿಂತ ಇಪ್ಪತ್ತನಾಲ್ಕು ಮಂದಿ.
ಬೆಲ್ಟು, ಬಂದೂಕು, ಗಡ್ಡದ ಛಾಯೆ ಎಲ್ಲ ಸರಿ,
ಕಣ್ಣಿನ ಜಾಗ ಖಾಲಿ.
ಪಕ್ಕದಲ್ಲಿ ಎಲ್ಲಕ್ಕಿಂತ ಸಣ್ಣ ಕುಂಚ,
ಹಿಡಿ ನನ್ನ ಕಡೆಗೆ ತಿರುಗಿಸಿ.
ಚಾಕುವನ್ನೂ ಅವನು ಹಾಗೆಯೇ ಕೊಡುತ್ತಿದ್ದದ್ದು.

ಮೂವತ್ತು ವರ್ಷ ಬೇಕರಿಯಲ್ಲಿ
ಕೇಕಿನ ಮೇಲೆ ಹೆಸರು ಬರೆದ ಕೈ ನನ್ನದು.
ಮದುಮಕ್ಕಳ ಹೆಸರು, ಒಮ್ಮೆ ಒಂದು ನಾಯಿಯ ಹೆಸರು,
ಎರಡು ಸಲ ಬೇರೆ ಯಾರದೋ ವಧುವಿನ ಹೆಸರು.
ಉಸಿರು ಹಿಡಿಯುವುದು ಗೊತ್ತು.
ಬಿಳಿಯ ಒಂದು ಗೀರು, ಅದರೊಳಗೆ ಕಪ್ಪು ಚುಕ್ಕೆ:
ಚುಕ್ಕೆ ನಟ್ಟನಡುವೆ ಬಿದ್ದರೆ ದೆವ್ವ ಕಂಡವನಾಗುತ್ತಾನೆ,
ಮೇಲಿನ ರೆಪ್ಪೆಗೆ ತಾಗಿದರೆ
ಏನೋ ಯೋಚಿಸುತ್ತಾನೆ.
ಹದಿನೇಳನೆಯವನು, ನಗಾರಿಯ ಹುಡುಗ,
ಅವನ ಎರಡು ಚುಕ್ಕೆಯೂ ಎಡಕ್ಕೆ ಜಾರಿದವು.
ಯಾರೋ ಬಾಗಿಲಲ್ಲಿ ಕರೆದಂತೆ ಅತ್ತ ನೋಡುತ್ತಿದ್ದ.
ಒರೆಸಲು ಮನಸ್ಸಾಗಲಿಲ್ಲ.

ಗುರುವಾರ ಮೆಥಡಿಸ್ಟ್ ಹಾಲಿನಲ್ಲಿ ಯುದ್ಧ.
ಹೊಸ ಬಣ್ಣದವರು ಮೊದಲ ದಿನವೇ ಸಾಯುತ್ತಾರೆ
ಎಂಬುದು ಅಲ್ಲಿಯವರ ಗಾದೆ.
ಹತ್ತೂವರೆಗೆ ಬಂದ. ಬೂಟು ಬಿಚ್ಚುವ ಮೊದಲೇ ಕೇಳಿದೆ.
ಎರಡನೇ ಸುತ್ತಿನಲ್ಲೇ ಎಲ್ಲರೂ, ಅಂದ,
ಕ್ಲೈವ್ ಸೋವರ್ಬಿಯ ದಾಳಕ್ಕೆ ಆರರ ಮೇಲೆ ಆರು.
ನಗಾರಿಯವನೂ?
ನಿಯಮ ಹಾಗಿದೆ ಕಣೇ.
ಎಲ್ಲಿ ನಿಲ್ಲಿಸಿದ್ದೆ?
ಬಯಲಲ್ಲಿ. ಫಿರಂಗಿಯ ಎದುರು.

ಆ ರಾತ್ರಿ ನಾನು ಮಾತಾಡಲಿಲ್ಲ.
ಅವನು ಮಲಗಿದ ಮೇಲೆ ಪೆಟ್ಟಿಗೆ ತೆರೆದೆ:
ಸ್ಪಂಜಿನ ಗೂಡುಗಳಲ್ಲಿ ಸತ್ತವರೆಲ್ಲ
ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.
ಮುಚ್ಚುವಂಥ ಕಣ್ಣು ನಾನು ಬರೆದಿರಲಿಲ್ಲ.
ನಗಾರಿಯ ಅಂಚಿನಲ್ಲಿ ಬಣ್ಣ ಚೂರು ಎದ್ದಿತ್ತು.
ದೀಪ ಹಾಕಿ, ಕೆಂಪು ಕಲಸಿ ಕೂತೆ;
ಕುಂಚ ಯಾವಾಗ ನನ್ನ ತುಟಿಗೆ ಹೋಯಿತೋ ತಿಳಿಯಲಿಲ್ಲ.

ಮುಂದಿನ ವಾರ ಇವರನ್ನು ಇಗರ್ಜಿಯ ಹಿಂದೆ ನಿಲ್ಲಿಸು, ಅಂದೆ
ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.
ಅಲ್ಲಿಂದ ಗೆಲ್ಲುವುದಕ್ಕಾಗುವುದಿಲ್ಲ, ಅಂದ.
ಗೆಲ್ಲು ಅಂದವರು ಯಾರು?