ಹನ್ನೊಂದು ನಿಮಿಷ

ಪಾಸ್‌ಬುಕ್ ಯಂತ್ರ ಕೆಮ್ಮಿ ಕೆಮ್ಮಿ
ಎರಡು ಸಾಲು ಉಗುಳಿತು.
ಮೂರನೇ ಕೌಂಟರಿನ ಗಾಜಿನಾಚೆ ತಾಯಪ್ಪ,
ಕಿವಿಯ ಹಿಂದೆ ಸಿಮೆಂಟು, ಕಂಕುಳಲ್ಲಿ ಹೆಲ್ಮೆಟ್ಟು:
"ಅಕ್ಕಾರ, ಹೆಬ್ಬಟ್ಟು ಒತ್ತಿದ್ರೂ ನನ್ ಕೂಲಿ ಬರವಲ್ದು."

ಕನ್ನಡ ಬರುತ್ತದೆಂದು ನನ್ನ ಹತ್ತಿರವೇ ಕಳಿಸುತ್ತಾರೆ
ವಾರಜೆ ನಾಕಾದಲ್ಲಿ ಬೆಳಿಗ್ಗೆ ಏಳಕ್ಕೆ ಬಂದು ನಿಲ್ಲುವ
ಸುರಪುರವನ್ನು, ಶಹಾಪುರವನ್ನು, ಸಿಂದಗಿಯನ್ನು.
ಪುಣೆಯಲ್ಲೇ ಹುಟ್ಟಿದವಳ ಕನ್ನಡ,
ಅಜ್ಜಿಯ ಅಡುಗೆಮನೆಯದು,
ಖಾತೆ ಫ್ರೀಜ್ ಆಗಿದೆ ಅನ್ನಲು ಅದರಲ್ಲಿ ಮಾತಿಲ್ಲ.
"ನಿಮ್ಮ ದುಡ್ಡು ಹೆಪ್ಪುಗಟ್ಟಿದೆ" ಅಂದೆ.
"ಮೊಸರೇನ್ರಿ ಅಕ್ಕಾರ?" ಅಂದ.

ಓದಿ ಹೇಳಿದೆ.
ಮಂಗಳವಾರ ಮಧ್ಯಾಹ್ನ ಎರಡು ಹದಿನೇಳಕ್ಕೆ
ಹದಿನಾಲ್ಕು ಲಕ್ಷ ಎಂಬತ್ತು ಸಾವಿರ ಬಂದಿದೆ.
ಎರಡು ಇಪ್ಪತ್ತೆಂಟಕ್ಕೆ
ಒಂಬತ್ತು ಊರಿನ ಒಂಬತ್ತು ಖಾತೆಗಳಿಗೆ ಚೆದುರಿದೆ
ಕಲ್ಲು ಬಿದ್ದಾಗ ಎದ್ದ ಗುಬ್ಬಿಗಳ ಹಾಗೆ.

ಬೆರಳು ಮಡಚಿ ಮಡಚಿ ಎಣಿಸಿದ.
"ಹನ್ನೊಂದ್ ಮಿನಿಟ್ ನನ್ ಹತ್ರ ಇತ್ತೇನ್ರಿ?"
ಗಾಬರಿಗಿಂತ ಮೊದಲು ಮುಖಕ್ಕೆ ಬಂದದ್ದು ಸಂಕೋಚ,
ಮನೆಗೆ ಬಂದ ದೊಡ್ಡ ನೆಂಟರನ್ನು
ನೀರೂ ಕೊಡದೆ ಕಳಿಸಿಬಿಟ್ಟವನ ಹಾಗೆ.
ಆ ಹೊತ್ತಿಗೆ ಬಾವಧನದ ಹತ್ತೊಂಬತ್ತನೇ ಮಹಡಿಯಲ್ಲಿ
ಹಸಿಗೋಡೆಗೆ ಪೈಪು ಹಿಡಿದು ನಿಂತಿದ್ದನಂತೆ.
ಜೇಬಿನಲ್ಲಿ ನಲವತ್ತು ರೂಪಾಯಿ,
ಅದೂ ಒದ್ದೆ.

ಬಿಳಿ ಶೂ ಹಾಕಿದ್ದ ಹುಡುಗ
ಗಾಡಿಯಲ್ಲಿ ತಟ್ಟೆ ತುಂಬ ಪೋಹೆ ಕೊಡಿಸಿ ಹೇಳಿದನಂತೆ:
ಸುಮ್ಮನೆ ಬಿದ್ದಿರುವ ಖಾತೆ, ಬಾಡಿಗೆಗೆ ಕೊಡು,
ಖೋಲಿ ಕೊಟ್ಟ ಹಾಗೆ. ನಾಲ್ಕು ಸಾವಿರ.
ಕಾರ್ಡು ಅವನಿಗೆ, ಸಿಮ್ಮು ಅವನಿಗೆ.
ಹೆಸರು? "ಎಲ್ಲಾರೂ ಶೇಟ್ ಅಂತಿದ್ರು."
ಶೇಟಿನ ಮೇಲೊಬ್ಬ ಶೇಟು, ಅವನ ಮೇಲೆ ಇನ್ನೊಬ್ಬ,
ಯಾವ ಮಹಡಿಯಲ್ಲೋ
ಹೆಲ್ಮೆಟ್ಟಿಲ್ಲದೆ ನಿರಾಳ ಕೂತಿರಬೇಕು.

ದುಡ್ಡು ಯಾರದೆಂದು ನಾನು ಹೇಳಲಿಲ್ಲ.
ಸೈಬರ್ ಠಾಣೆಯ ಪತ್ರಕ್ಕೆ ದೂರಿನ ನಕಲು ಪಿನ್ನು ಮಾಡಿತ್ತು:
ಕೋಥರೂಡಿನ ಕುಮುದಿನಿಬಾಯಿ, ಭೂಗೋಳದ ಟೀಚರು,
ಕರಿಹಲಗೆಯ ಮೇಲಿನಂಥ ದುಂಡು ಅಕ್ಷರ.
ಎರಡು ಹಗಲು ಒಂದು ರಾತ್ರಿ
ಮೊಬೈಲಿನೊಳಗಿನ ಖಾಕಿಯ ಎದುರು ಕುರ್ಚಿ ಬಿಟ್ಟೇಳಲಿಲ್ಲ.
ಹಾಲು ಉಕ್ಕಿದಾಗ,
ಸರ್, ಗ್ಯಾಸು ಆರಿಸಿ ಬರಲೇ, ಎಂದು
ಅಪ್ಪಣೆ ಕೇಳಿದರು.
ನಾಲ್ಕು ಪುಟದಲ್ಲಿ ಆ ಒಂದು ಸಾಲನ್ನು ಮಾತ್ರ
ಹೊಡೆದುಹಾಕಿ, ಕೆಳಗೆ
ಮತ್ತೆ ಬರೆದಿದ್ದರು.

ಫೈಲು ತೆಗೆದೆ.
ಮಾರ್ಚ್ ಕೊನೆಯ ವಾರ, ಟಾರ್ಗೆಟ್ಟಿನ ಬಿಸಿ,
ನಾಕಾದಲ್ಲೇ ಮೇಜು ಹಾಕಿ
ಒಂದೇ ದಿನ ನೂರಾ ಆರು ಖಾತೆ ತೆರೆದಿದ್ದೆವು.
ತಾಯಪ್ಪನ ಬಿರುಕು ಹೆಬ್ಬೆರಳು ಯಂತ್ರಕ್ಕೆ ಹಿಡಿಸದೆ
ನಾನೇ ಕೈ ಹಿಡಿದು ಒತ್ತಿಸಿದ್ದೆ.
ಕೆಳಗೆ ನೀಲಿ ಮೊಹರು: ಖುದ್ದಾಗಿ ಪರಿಶೀಲಿಸಿದೆ.
ಸಹಿ ನನ್ನದು, ಬಾಲ ಉದ್ದ ಎಳೆದದ್ದು.
ಆ ದಿನ ಒಬ್ಬ ಹುಡುಗ ಸಾಲಿನಲ್ಲಿದ್ದವರಿಗೆಲ್ಲ
ನೀರಿನ ಬಾಟಲಿ ಹಂಚುತ್ತಿದ್ದ. ಅವನ ಶೂ
ಯಾವ ಬಣ್ಣದ್ದು?
ನನಗೂ ಒಂದು ಕೊಟ್ಟಿದ್ದ,
ತಣ್ಣಗಿತ್ತು, ಕುಡಿದಿದ್ದೆ.

"ನನ್ ಕೂಲಿ ಎರಡ್ ಸಾವಿರದ ಮುನ್ನೂರಾ ಐವತ್ರಿ.
ಇದರಾಗ ನಂದ್ಯಾವ್ದು, ಅವರದ್ಯಾವ್ದು
ಬ್ಯಾಂಕಿಗೆ ಗೊತ್ತಾಗಂಗಿಲ್ಲೇನ್ರಿ?"

ಗೊತ್ತಾಗುತ್ತದೆ ಅನ್ನಲು ಬಾಯಿ ತೆರೆದೆ.
ಟೋಕನ್ ನಲವತ್ತೆರಡು, ಮರಾಠಿಯಲ್ಲಿ ಕೂಗಿತು ಗೋಡೆ.
ತಾಯಪ್ಪ ಸರಿದು ನಿಂತ, ಹೋಗಲಿಲ್ಲ.
ತನ್ನ ಮೊಣಕೈ ಗಾಜಿನಡಿ ಬಿಟ್ಟ ಸಿಮೆಂಟಿನ ಗುರುತನ್ನು
ಅಂಗಿಯ ತುದಿಯಿಂದ
ಒರೆಸತೊಡಗಿದ.