ನಾಲ್ಕು ವಾರ

ಮಂಗಳವಾರ ರಾತ್ರಿ, ಕಡೀನಾದ ಬೌಲಿಂಗ್ ಕ್ಲಬ್ಬಿನ ಹಿಂದಿನ ಕೋಣೆ.
ಮೂವರು ಕೂತಿದ್ದರು: ನಿವೃತ್ತ ಹೆಡ್‌ಮಾಸ್ತರು, ಬಾರ್ಲಿ ಲಾರಿಗಳ ಮಾಲೀಕ,
ಕೆಮ್ಮುತ್ತಲೇ ಇದ್ದ ಔಷಧಿ ಅಂಗಡಿಯವನು.
ಗೋಡೆಯ ಮೇಲೆ ನಾನು ಓಡಿ ಬರುತ್ತೇನೆ,
ನಿಧಾನ, ಇನ್ನೂ ನಿಧಾನ.
ಇಷ್ಟು ಹೊತ್ತು ಇತ್ತೇ ನನಗೆ?
ಮೊಟ್ಟೆಯಾಕಾರದ ಚೆಂಡು ಎತ್ತಲೋ ಪುಟಿಯುತ್ತದೆ,
ಡಾರ್ಸಿ ಟ್ರೆಗೊನಿಂಗ್ ಬಗ್ಗುತ್ತಾನೆ,
ನನ್ನ ಭುಜ
ವಿಳಾಸ ಗೊತ್ತಿದ್ದಂತೆ ಅವನ ದವಡೆಗೇ ಹೋಗುತ್ತದೆ.

'ಚೆಂಡು ಹಿಡಿಯಬಹುದಿತ್ತಲ್ಲ? ಗುದ್ದಲೇಬೇಕಿತ್ತೆ?'
ಬೇರೆ ದಾರಿಯಿತ್ತು ಸಾರ್, ಅಂದೆ.
ನನ್ನ ಪರ ವಾದಿಸಲು ಬಂದವನು ಮೇಜಿನಡಿ ಕಾಲು ತುಳಿದ.
ನಾಲ್ಕು ವಾರ.

ಕಾರಿನಲ್ಲಿ ಅಪ್ಪ:
'ನಮ್ಮ ಕಾಲದಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು.
ನಾನೆಷ್ಟು ತಿಂದಿಲ್ಲ, ಎಷ್ಟು ಕೊಟ್ಟಿಲ್ಲ.'
ಮೂವತ್ತು ವರ್ಷ ತಿರುಗಿದ ನಮ್ಮ ಮನೆಯ ತಿರುವು ಬಂತು.
ಎಡಕ್ಕೋ ಬಲಕ್ಕೋ, ನನ್ನನ್ನು ಕೇಳಿದ.

ಬುಧವಾರ ಡಾರ್ಸಿಯ ಮನೆ.
ಪರದೆ ಎಳೆದ ಕೋಣೆ, ಟಿವಿಗೆ ಟವೆಲ್ಲು ಹೊದಿಸಿತ್ತು.
ಗೆದ್ದದ್ದು ಯಾರು? ಅಂದ.
ನೀವೇ.
ನಕ್ಕ, ದವಡೆ ನೋಯದಷ್ಟು.
ಹೊರಗೆ ಯಾರದೋ ನಾಯಿ ಬೊಗಳಿ ಸುಮ್ಮನಾಯಿತು.
ಗೆದ್ದದ್ದು ಯಾರು?
ನೀವೇ ಮಾರಾಯ, ಮೂರು ಪಾಯಿಂಟಿಂದ.

ಮೂರನೆಯ ಸಲ ಕೇಳುವಾಗ
ಅವನ ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿದ್ದಳು.
ಶನಿವಾರ ಗೆರೆಯಾಚೆ ಕೂತು
ಕೊನೆಯ ಸೈರನ್ನಿನವರೆಗೂ ನೋಡಿದವಳು.
ನೀವೇ, ಅಂದೆ.
ಅವಳು ನನ್ನ ಮುಖ ನೋಡಿ
ಸಕ್ಕರೆ ಎಷ್ಟು ಎಂದಳು.