ಸೊನ್ನೆ ಮುಟ್ಟದ ಮುಳ್ಳು

ಮಂಡಕ್ಕಿ ಭಟ್ಟಿಯ ಖೈರುನ್‌ಬಿ
ಸೆರಗಿಗೆ ಅಂಟಿದ ಹೊಟ್ಟು ಕೊಡವುತ್ತ
ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಮೆಟ್ಟಿಲ ಕೆಳಗಿನ ನನ್ನ ಅಂಗಡಿಗೆ ಬಂದು
ಫೋನನ್ನು ಗಾಜಿನ ಮೇಲೆ ಮಕಾಡೆ ಇಟ್ಟಳು.
ರಿಪೇರಿಗಲ್ಲ.
'ಒಂದು ಮಾತು ಕೇಳಬೇಕಿತ್ತಪ್ಪ.
ರಾತ್ರಿ ಆಫ್ ಮಾಡಿ ಚಾರ್ಜಿಗೆ ಹಾಕ್ತೀನಿ.
ಅದು ಖರೇನ ಆಫ್ ಆಗಿರ್ತತೋ,
ಆಫ್ ಆದಂಗೆ ಮಾಡ್ತತೋ?'

ಯಾಕೆ, ಅಂದೆ.
ಆಚೀಚೆ ನೋಡಿದಳು. ಗಾಜು ಹಾಕಿಸಲು ಬಂದ ಹುಡುಗ
ದೂರ ಹೋಗುವವರೆಗೆ ಕಾದಳು.
'ಒಬ್ಬಾಕೆನ ಇರ್ತೀನಿ. ಮಲಗೋ ಮುಂದೆ ಒಂದಿಷ್ಟು ಬೈತೀನಿ.
ಭಟ್ಟಿ ಮಾಲೀಕನ್ನ, ನಾದಿನೀನ,
ಮೂವತ್ತು ವರ್ಷದ ಹಿಂದೆ ಸತ್ತ ನಮ್ಮತ್ತೀನ.
ಬೈದ್ರೆ ನಿದ್ದಿ ಬರ್ತತಿ.
ಇದು ಕೇಳಿಸ್ಕೊಂಡು ಯಾರಿಗಾದ್ರೂ ಹೇಳಿದ್ರೆ?'

ನಗಬಾರದಿತ್ತು. ನಕ್ಕೆ.
ಆಮೇಲೆ ಫೋನು ಆಫ್ ಮಾಡಿ ವೈರು ಚುಚ್ಚಿದೆ.
ಕಪ್ಪು ಗಾಜು ಒಂದು ಗಳಿಗೆ ಸುಮ್ಮನಿದ್ದು
ಕಣ್ಣು ಬಿಟ್ಟಿತು: ಹಸಿರು ಬ್ಯಾಟರಿ, ಅರವತ್ತೆರಡು.
'ನೋಡಿದ್ಯಾ!' ಅಂದಳು, ಕಳ್ಳನ ಕೈ ಹಿಡಿದವಳಂತೆ,
'ಮಲಗೀನಿ ಅಂತ ಹೇಳಾಕೆ ಎದ್ದು ಕುಂತತಿ!'

ಹದಿನೇಳು ವರ್ಷ ಈ ಕುರ್ಚಿಯಲ್ಲಿ ಕೂತವನು ನಾನು.
ನನಗೆ ಹೊಳೆದಿರಲಿಲ್ಲ.

ಹೇಳಿದೆ, ಗೊತ್ತಿದ್ದಷ್ಟು:
ಮೊದಲಿನ ಫೋನಿಗೆ ಬೆನ್ನಿಗೊಂದು ಮುಚ್ಚಳವಿತ್ತು,
ಉಗುರಿಟ್ಟು ಎತ್ತಿದರೆ ಬ್ಯಾಟರಿ ಅಂಗೈಗೆ.
ಆಗ ಆಫ್ ಅಂದರೆ ಆಫ್.
ಈಗ ಅಂಟು ಹಾಕಿ ಕೂರಿಸಿದ್ದಾರೆ, ಬಿಸಿ ಮಾಡದೆ ಏಳುವುದಿಲ್ಲ.
ಮಾತು ಕೇಳುವ ಕಿವಿ ಮಲಗಿರುತ್ತದೆ ಬೂಬಮ್ಮ, ಹೆದರಬೇಡಿ;
ಹೊಟ್ಟೆ ಮಾತ್ರ ಎದ್ದಿರುತ್ತದೆ,
ಎಷ್ಟು ಉಂಡೆ, ಎಲ್ಲಿಗೆ ಸಾಕು, ಮೈ ಎಷ್ಟು ಬಿಸಿ
ಎಂದು ಲೆಕ್ಕ ಇಡುವ ಒಂದು ಚಿಪ್, ಜೋಳದ ಕಾಳಿನಷ್ಟು.
ಮತ್ತೊಂದು ಗಡಿಯಾರ. ಅದಂತೂ
ವೈರು ಇರಲಿ ಬಿಡಲಿ, ನಡೆದೇ ಇರುತ್ತದೆ.

ನಂಬಿಕೆ ಬರಲೆಂದು
ಬೆನ್ನು ಬಿಚ್ಚಿಕೊಂಡು ಬಿದ್ದಿದ್ದ ಇನ್ಯಾರದೋ ಫೋನನ್ನು
ಆಫ್ ಮಾಡಿ ಹಳೇ ಮುಳ್ಳಿನ ಮೀಟರಿಗೆ ಕಟ್ಟಿದೆ.
ಮುಳ್ಳು ಇಳಿಯಿತು, ಇಳಿಯಿತು,
ಸೊನ್ನೆಯ ಹತ್ತಿರ ಬಂದು
ಮುಟ್ಟದೆ
ನಡುಗುತ್ತ ನಿಂತಿತು.

'ಹಂಗಾದ್ರೆ ನಮ್ಮ ಭಟ್ಟಿ ಇದ್ದಂಗೆ' ಅಂದಳು.
'ರಾತ್ರಿ ಆರಿಸಿದ್ವಿ ಅಂತೀವಿ. ಬೆಳಿಗ್ಗೆ
ಬೂದಿ ಕೆದರಿ ಒಂದು ಹಿಡಿ ಹೊಟ್ಟು ಉದುರಿಸಿದ್ರೆ
ಧಗ್ ಅಂತತಿ. ಕಡ್ಡಿಪೆಟ್ಟಿಗೆ ಬ್ಯಾಡ.'
ಇಪ್ಪತ್ತು ರೂಪಾಯಿ ಇಟ್ಟಳು, ನಾನು ಮುಟ್ಟಲಿಲ್ಲ.
ಚೀಲದಿಂದ ಎರಡು ಬೊಗಸೆ ಮಂಡಕ್ಕಿ ಸುರಿದು ಹೋದಳು.
ಸ್ಕ್ರೂ, ಪಿನ್ನು, ಸಿಮ್ಮಿನ ತಟ್ಟೆಗಳ ನಡುವೆ
ಅವು ಇನ್ನೂ ಬೆಚ್ಚಗಿದ್ದವು.

ಶಟರು ಎಳೆಯುವ ಹೊತ್ತು.
ಒಳಗೆ ಒಂಬತ್ತು ಫೋನು, ಚೀಟಿ ಹಚ್ಚಿ ಮಲಗಿಸಿದ್ದೇನೆ:
ಹದಡಿಯ ಕೊಟ್ರಪ್ಪ, ಡಿಸ್‌ಪ್ಲೇ.
ಆನಗೋಡಿನ ಟೀಚರಮ್ಮ, ಸ್ಪೀಕರ್.
ಹೆಸರು ಬರೆಸದೆ ಹೋದ ಒಬ್ಬ, ನೀರಿಗೆ ಬಿದ್ದದ್ದು.
ಎಲ್ಲ ಆಫ್. ಲೈಟು ಆರಿಸಿದ ಮೇಲೂ
ಯಾವುದೋ ಮೂಲೆಯಲ್ಲಿ ಒಂದು ಹನಿ ಬೆಳಕು.

ಅಪ್ಪ ನೆನಪಾದ.
ಗಿರಣಿ ಮುಚ್ಚಿ ಎಷ್ಟೋ ವರ್ಷದ ಮೇಲೂ
ಮೂರನೇ ಪಾಳಿಗೆ ಏಳುತ್ತಿದ್ದ.
ಕೂಗು ಇಲ್ಲ, ಗೇಟಿಗೆ ಬೀಗ, ಒಳಗೆ ಆಳೆತ್ತರ ಜಾಲಿ,
ಅವನು ಹನ್ನೊಂದೂವರೆಗೆ ಎದ್ದು
ಕತ್ತಲಲ್ಲೇ ಅಂಗಿ ಹುಡುಕುವನು.
ಮಲಗು ಅಂದರೆ ಮಲಗುವನು, ಮಾತು ಕೇಳುವ ಮನುಷ್ಯ.
ಬೆರಳು ಮಾತ್ರ ಹೊದಿಕೆಯ ಅಂಚಲ್ಲಿ
ಹರಿದ ನೂಲಿಗೆ ನೂಲು ಹೊಸೆಯುತ್ತಲೇ ಇರುತ್ತಿದ್ದವು.

ಅವನಿಗೆ ಯಾವ ಮೀಟರನ್ನೂ ಕಟ್ಟಿ ನೋಡಲಿಲ್ಲ ನಾನು.

ಇವತ್ತು ನನ್ನ ಫೋನನ್ನೂ ಆಫ್ ಮಾಡಿ ಚಾರ್ಜಿಗಿಟ್ಟು
ಗೋಡೆ ಕಡೆ ತಿರುಗಿ ಬೈಯಲು ನೋಡಿದೆ.
ಗಿರಣಿಗೆ ಬೀಗ ಹಾಕಿದವರ ಹೆಸರೇ ಬಾಯಿಗೆ ಬರಲಿಲ್ಲ.
ಮಂಡಕ್ಕಿ ತಿಂದೆ, ಕತ್ತಲಲ್ಲಿ, ಹಿಡಿ ಹಿಡಿ.
ಗಂಟೆ ಹನ್ನೊಂದೂವರೆ ಇರಬಹುದು.
ನೋಡಲಿಲ್ಲ.